ಅದೇ ಸಂಬಳ, ಅದೇ ಕೌಂಟರ್, ಬೇರೆ ಮ್ಯಾನೇಜರ್

ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್‌ಗೆ ತಮ್ಮ ಕೈಕೆಳಗಿನವರ ಸಂಬಳವನ್ನು ಒಂದು ರೂಪಾಯಿಯಷ್ಟೂ ಏರಿಸುವ ಅಧಿಕಾರವಿಲ್ಲ. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ವೇತನ ನಿಗದಿಯಾಗುವುದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳು ಮಾತುಕತೆಗೆ ಕೂತು ಮಾಡಿಕೊಳ್ಳುವ ದ್ವಿಪಕ್ಷೀಯ ಒಪ್ಪಂದದಲ್ಲಿ. ಅಂಥ ಮೊದಲ ಒಪ್ಪಂದ 1966ರಲ್ಲಿ ಆಯಿತು. ಹನ್ನೆರಡನೆಯದಕ್ಕೆ 2024ರ ಮಾರ್ಚ್ 8ರಂದು ಸಹಿ ಬಿತ್ತು. 2022ರ ನವೆಂಬರ್‌ನಿಂದ ಅನ್ವಯವಾಗುವಂತೆ ಶೇ 17ರಷ್ಟು ಹೆಚ್ಚಳ ಸಿಕ್ಕಿತು. ವರ್ಗಾವಣೆಯ ಪಟ್ಟಿ ಹೊರಡುವುದು ಮೇಲಿನ ಕಚೇರಿಯಿಂದ, ಬಡ್ತಿಯ ಪರೀಕ್ಷೆ ನಡೆಸುವುದು ಪ್ರಧಾನ ಕಚೇರಿ, ಯಾವ ಕಾಗದಕ್ಕೆ ಯಾರ ಸಹಿ ಬೇಕೆಂದು ಹೇಳುವುದು ಸುತ್ತೋಲೆ. ಇಷ್ಟೆಲ್ಲ ಮೇಲೆಯೇ ತೀರ್ಮಾನವಾಗಿ ಬರುವ ಕಡೆ ಮ್ಯಾನೇಜರ್ ಎಂಥವರಾದರೇನು ಎಂದು ಹೊರಗಿನವರಿಗೆ ಅನ್ನಿಸಬಹುದು.

ಬ್ಯಾಂಕಿನೊಳಗಿನ ಅನುಭವ ಇದಕ್ಕೆ ತದ್ವಿರುದ್ಧ. ಒಂದೇ ಬ್ಯಾಂಕಿನ, ಒಂದೇ ತಾಲ್ಲೂಕಿನ ಎರಡು ಶಾಖೆಗಳಿದ್ದರೆ, ಒಂದರಿಂದ ವರ್ಗವಾದಾಗ ಸಿಬ್ಬಂದಿ ಬೇಸರಪಟ್ಟುಕೊಂಡು ಹೊರಡುತ್ತಾರೆ. ಇನ್ನೊಂದರಿಂದ ವರ್ಗ ಕೇಳಿ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಾರೆ. ಸಂಬಳ, ನಿಯಮ, ಕಂಪ್ಯೂಟರ್, ಕೌಂಟರ್ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ಹೆಚ್ಚಾಗಿ ಕ್ಯಾಬಿನ್‌ನಲ್ಲಿ ಕೂತವರಲ್ಲಿ. ಉಳಿದದ್ದೆಲ್ಲ ಅಳೆದು ತೂಗಿ ಸಮನಾಗಿ ಹಂಚಿಕೆಯಾಗಿರುವುದರಿಂದಲೇ ಮುಂದಾಳಿನ ಗುಣ ಬ್ಯಾಂಕಿನಲ್ಲಿ ಬೇರೆ ಕಡೆಗಿಂತ ಎದ್ದು ಕಾಣುತ್ತದೆ.

ಕೆಲಸದ ತೃಪ್ತಿ ಎಂದರೆ ತಾನು ಮಾಡುವ ಕೆಲಸದ ಬಗ್ಗೆ ಒಬ್ಬ ವ್ಯಕ್ತಿಗೆ ಒಟ್ಟಾರೆ ಇರುವ ಸಮಾಧಾನ. ಕೆಲಸದ ಸ್ವರೂಪ, ಸಂಬಳ, ಬಡ್ತಿಯ ಅವಕಾಶ, ಜೊತೆಗಾರರು, ಮೇಲಧಿಕಾರಿ, ಹೀಗೆ ಹಲವು ಎಳೆಗಳು ಅದರಲ್ಲಿ ಸೇರಿರುತ್ತವೆ. ಒಬ್ಬರಿಗೆ ಸಂಬಳದ ಬಗ್ಗೆ ತೃಪ್ತಿಯಿದ್ದು ಕೆಲಸದ ಬಗ್ಗೆ ಜಿಗುಪ್ಸೆ ಇರಬಹುದು. ಬ್ಯಾಂಕಿನಲ್ಲಿ ಇದು ಅಪರೂಪವೇನಲ್ಲ. ಊರವರ ಕಣ್ಣಿಗೆ ‘ಬ್ಯಾಂಕಿನ ಕೆಲಸ’ ಇಂದಿಗೂ ಹೆಣ್ಣು ಕೊಡಲು ಯೋಗ್ಯವಾದ ಭದ್ರ ನೌಕರಿ. ಆ ಭದ್ರತೆಯೊಳಗೆ ಕೂತವರು ದಿನದ ಕೊನೆಗೆ ಯಾವ ಮನಸ್ಸಿನಿಂದ ಮನೆಗೆ ಹೋಗುತ್ತಾರೆ ಎಂಬುದು ಬೇರೆಯೇ ಮಾತು.

ಮೂರು ಬಗೆಯ ಮುಂದಾಳುಗಳು

ನಾಯಕತ್ವದ ಶೈಲಿಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಮೊದಲಿಗರು ಕುರ್ಟ್ ಲೆವಿನ್ ಮತ್ತು ಅವರ ಇಬ್ಬರು ಸಂಗಡಿಗರಾದ ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್. ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಅವರು ಮೂರು ಬಗೆಯ ಮುಖಂಡರನ್ನು ಕೊಟ್ಟು ನೋಡಿದರು: ಎಲ್ಲವನ್ನೂ ತಾನೇ ಹೇಳುವ ನಿರಂಕುಶಾಧಿಕಾರಿ, ಕೇಳಿ ಚರ್ಚಿಸಿ ನಡೆಯುವವನು, ಏನಾದರೂ ಮಾಡಿಕೊಳ್ಳಿ ಎಂದು ಸುಮ್ಮನಿರುವವನು. 1939ರಲ್ಲಿ ಪ್ರಕಟವಾದ ಈ ಅಧ್ಯಯನದ ಒಂದು ಅಂಶ ಶಾಖೆಯಲ್ಲಿ ದುಡಿದ ಯಾರಿಗೂ ಥಟ್ಟನೆ ಅರ್ಥವಾಗುತ್ತದೆ. ನಿರಂಕುಶ ಮುಖಂಡ ಕೋಣೆಯಲ್ಲಿ ಇರುವಷ್ಟು ಹೊತ್ತು ಕೆಲಸ ಚೆನ್ನಾಗಿ ಸಾಗುತ್ತಿತ್ತು. ಅವನು ಹೊರಗೆ ಹೋದೊಡನೆ ಹುಡುಗರು ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದರು. ಕೇಳಿ ನಡೆಯುವವನ ಗುಂಪಿನಲ್ಲಿ ಅವನಿದ್ದರೂ ಇಲ್ಲದಿದ್ದರೂ ಕೆಲಸಕ್ಕೆ ಅಷ್ಟಾಗಿ ಭಂಗ ಬರಲಿಲ್ಲ.

ಎರಡನೇ ಮಹಾಯುದ್ಧದ ನಂತರ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದಾಳುಗಳ ನಡವಳಿಕೆಯನ್ನು ಎರಡು ಕವಲಾಗಿ ಒಡೆದರು. ಒಂದು, ಯಾರು ಏನು ಮಾಡಬೇಕು, ಯಾವಾಗ ಮುಗಿಸಬೇಕು ಎಂದು ಕೆಲಸವನ್ನು ಕಟ್ಟಿಕೊಡುವುದು. ಇನ್ನೊಂದು, ಮಾಡುವವರನ್ನು ಮನುಷ್ಯರೆಂದು ಕಂಡು ಅವರ ಕಷ್ಟಸುಖ ವಿಚಾರಿಸುವುದು. ಈ ಎರಡೂ ಒಬ್ಬರಲ್ಲೇ ಇರಬಹುದು, ಎರಡೂ ಇಲ್ಲದೆಯೂ ಇರಬಹುದು. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತಿಮೋತಿ ಜಡ್ಜ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ನೌಕರರ ತೃಪ್ತಿಯ ಜೊತೆ ಎರಡನೆಯದಕ್ಕೆ ಗಟ್ಟಿಯಾದ ನಂಟಿದೆ. ಕೆಲಸದ ಫಲಿತಾಂಶದ ಜೊತೆ ಮೊದಲನೆಯದರ ನಂಟು ತುಸು ಹೆಚ್ಚು.

ಇಂದು ಬ್ಯಾಂಕ್ ನೌಕರರ ಮೇಲಿನ ಅಧ್ಯಯನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಗಡಣೆ ಇವೆರಡಕ್ಕಿಂತ ಈಚಿನದು. ಇತಿಹಾಸಕಾರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ರಾಜಕೀಯ ನಾಯಕರ ಬಗ್ಗೆ ಬರೆದದ್ದನ್ನು ಮನಶ್ಶಾಸ್ತ್ರಜ್ಞ ಬರ್ನಾರ್ಡ್ ಬಾಸ್ 1985ರಲ್ಲಿ ಕಚೇರಿ, ಕಾರ್ಖಾನೆಗಳಿಗೆ ಒಗ್ಗಿಸಿದರು. ಇಷ್ಟು ಮಾಡಿದರೆ ಇಷ್ಟು ಸಿಗುತ್ತದೆ, ತಪ್ಪಿದರೆ ದಂಡ ಎಂಬ ಲೆಕ್ಕದಲ್ಲಿ ನಡೆಸುವುದು ಕೊಡುಕೊಳ್ಳುವಿಕೆಯ ನಾಯಕತ್ವ. ಕೆಲಸದ ಅರ್ಥ ತಿಳಿಸಿ, ತಾನೇ ಮೊದಲು ಮಾಡಿ ತೋರಿಸಿ, ಪ್ರತಿಯೊಬ್ಬರ ಬೆಳವಣಿಗೆಯನ್ನು ಗಮನಿಸಿ, ಅವರು ತಮ್ಮ ಶಕ್ತಿ ಇಷ್ಟೇ ಎಂದುಕೊಂಡದ್ದಕ್ಕಿಂತ ಮುಂದೆ ಕರೆದೊಯ್ಯುವುದು ಪರಿವರ್ತನೆಯ ನಾಯಕತ್ವ. ಮೂರನೆಯದು ಹೆಸರಿಗಷ್ಟೇ ನಾಯಕತ್ವ: ಕಡತ ಬಂದರೆ ಮುಂದೂಡುವುದು, ಜಗಳ ಬಂದರೆ ಊಟಕ್ಕೆ ಎದ್ದುಹೋಗುವುದು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪರಿವರ್ತನೆಯ ನಾಯಕತ್ವವನ್ನು ಮೇಲಕ್ಕಿಟ್ಟು ಕೊಡುಕೊಳ್ಳುವಿಕೆಯದನ್ನು ಕೀಳುಗಳೆಯುತ್ತವೆ. ಅದು ಅಷ್ಟು ಸರಿಯಲ್ಲ. ಜಡ್ಜ್ ಮತ್ತು ರೊನಾಲ್ಡ್ ಪಿಕೊಲೊ 2004ರಲ್ಲೇ ಮಾಡಿದ ಇನ್ನೊಂದು ವಿಶ್ಲೇಷಣೆಯಲ್ಲಿ, ಮಾಡಿದ ಕೆಲಸಕ್ಕೆ ತಕ್ಕ ಪ್ರತಿಫಲ ತಪ್ಪದೆ ಕೊಡುವ ಮೇಲಧಿಕಾರಿಗಳಿಗೂ ಕೆಲಸದ ತೃಪ್ತಿಗೂ ಇರುವ ನಂಟು ಪರಿವರ್ತನೆಯ ನಾಯಕರದ್ದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಬ್ಯಾಂಕಿನ ಮಟ್ಟಿಗೆ ಇದು ಸಹಜವಾಗಿ ತೋರುತ್ತದೆ. ಲೆಕ್ಕ ಇಡುವುದೇ ಕಸುಬಾದವರಿಗೆ ತಮ್ಮ ದುಡಿಮೆಯ ಲೆಕ್ಕವನ್ನು ಯಾರಾದರೂ ಸರಿಯಾಗಿ ಇಟ್ಟರೆ ಅದೇ ದೊಡ್ಡ ಮರ್ಯಾದೆ. ಈ ಇಬ್ಬರು ವಿಶ್ಲೇಷಕರಿಗೆ ಕಂಡಂತೆ ತೃಪ್ತಿಯನ್ನು ನೇರವಾಗಿ ಕೆಡಿಸುವವರು ಮೂರನೆಯ ಬಗೆಯವರು. ಸಿಡುಕುವ ಮ್ಯಾನೇಜರ್‌ಗಿಂತ ಸಹಿ ಹಾಕದ ಮ್ಯಾನೇಜರ್‌ನಿಂದ ಶಾಖೆ ಹೆಚ್ಚು ನರಳುತ್ತದೆ.

ಮ್ಯಾನೇಜರ್ ಕೈಯಲ್ಲಿ ಉಳಿದಿರುವುದು

ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಒಂದು ವಾದ ಮುಂದಿಟ್ಟರು. ಸಂಬಳ, ಭದ್ರತೆ, ನಿಯಮ, ಮೇಲ್ವಿಚಾರಣೆ ಇವು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ. ಆದರೆ ಚೆನ್ನಾಗಿದ್ದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ. ತೃಪ್ತಿ ಬರುವುದು ಸಾಧಿಸಿದ ಭಾವ, ಸಿಕ್ಕ ಮನ್ನಣೆ, ಹೊಣೆ, ಬೆಳವಣಿಗೆಗಳಿಂದ. ಈ ವಾದಕ್ಕೆ ಆಕ್ಷೇಪಗಳು ಬಂದಿವೆ, ಅದು ಹಾಗೇ ಇರಲಿ. ಬ್ಯಾಂಕಿಗೆ ಅನ್ವಯಿಸಿದರೆ ಮಾತ್ರ ಒಂದು ಸಂಗತಿ ಹೊಳೆಯುತ್ತದೆ: ಮೊದಲ ಪಟ್ಟಿಯ ಬಹುಪಾಲು ಮೇಲಿನವರ ಕೈಯಲ್ಲಿದ್ದರೆ, ಎರಡನೆಯ ಪಟ್ಟಿಯ ಬಹುಪಾಲು ಶಾಖೆಯ ಮ್ಯಾನೇಜರ್ ಕೈಯಲ್ಲಿದೆ.

ಯಾರನ್ನು ಯಾವ ಸೀಟಿಗೆ ಹಾಕುವುದು ಎಂಬುದನ್ನೇ ನೋಡಬಹುದು. ಒಬ್ಬರನ್ನು ವರ್ಷಗಟ್ಟಲೆ ಕ್ಯಾಶ್ ಕೌಂಟರ್‌ನಲ್ಲೇ ಕೂರಿಸಿದರೆ ಅವರಿಗೆ ಸಾಲ ವಿಭಾಗದ ಗಂಧಗಾಳಿ ಇರುವುದಿಲ್ಲ. ಬಡ್ತಿ ಬಂದಾಗ ತಡವರಿಸುತ್ತಾರೆ. ಸೀಟು ಬದಲಿಸುತ್ತಾ ಹೋಗುವ ಮ್ಯಾನೇಜರ್ ಕೆಳಗೆ ಮೂರೇ ವರ್ಷದಲ್ಲಿ ಒಬ್ಬ ಗುಮಾಸ್ತ ಎಲ್ಲ ಕೆಲಸ ಕಲಿಯುತ್ತಾನೆ. ‘ಇದನ್ನು ಅವರೇ ಚೆನ್ನಾಗಿ ಮಾಡುತ್ತಾರೆ’ ಎಂಬ ಹೊಗಳಿಕೆ ಎಷ್ಟೋ ಸಲ ಒಬ್ಬರನ್ನು ಅದೇ ಕುರ್ಚಿಗೆ ಕಟ್ಟಿಹಾಕುವ ಹಗ್ಗ. ರಜೆಯದ್ದೂ ಹೀಗೆಯೇ. ನಿಯಮದಲ್ಲಿ ರಜೆ ಎಲ್ಲರಿಗೂ ಇದೆ. ಮಗುವಿನ ಜ್ವರಕ್ಕೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದರೆ ‘ಸರಿ, ನೋಡಿಕೊಳ್ಳಿ’ ಎನ್ನುವವರಿಗೂ ‘ಇವತ್ತೇ ಬೇಕಿತ್ತೇ?’ ಎನ್ನುವವರಿಗೂ ಇರುವ ಅಂತರ ಸುತ್ತೋಲೆಯಲ್ಲಿಲ್ಲ. ಸೂಕ್ಷ್ಮ ಹುದ್ದೆಗಳಲ್ಲಿರುವವರು ವರ್ಷಕ್ಕೆ ಒಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ, ಮುನ್ಸೂಚನೆ ಇಲ್ಲದೆ, ಕಡ್ಡಾಯ ರಜೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿತು. ಅದರ ಉದ್ದೇಶ ವಂಚನೆ ಪತ್ತೆ. ಆದರೂ ಎಷ್ಟೋ ಅಧಿಕಾರಿಗಳಿಗೆ ಫೋನ್ ಬಾರದ ದಿನಗಳು ಸಿಗುವುದಿದ್ದರೆ ಅದೊಂದೇ ನೆಪದಲ್ಲಿ.

ಶಾಖೆಯ ಮುಖಂಡತ್ವ ನಿಜವಾಗಿ ಪರೀಕ್ಷೆಗೆ ಬರುವುದು ಸಂಜೆ ಕ್ಯಾಶ್ ಮುಚ್ಚುವ ಹೊತ್ತಿಗೆ. ಕಂಪ್ಯೂಟರ್ ತೋರಿಸುವ ಮೊತ್ತಕ್ಕೂ ಪೆಟ್ಟಿಗೆಯಲ್ಲಿರುವ ನೋಟಿಗೂ ನಾಲ್ಕು ಸಾವಿರ ರೂಪಾಯಿ ವ್ಯತ್ಯಾಸ ಬಂತೆನ್ನೋಣ. ಕೊರತೆ ಬಿದ್ದರೆ ಕ್ಯಾಷಿಯರ್ ತುಂಬಿಕೊಡಬೇಕು. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಒಬ್ಬ ಮ್ಯಾನೇಜರ್ ಗಡಿಯಾರ ನೋಡಿ, ‘ಕಟ್ಟಿಬಿಡಿ, ಬೀಗ ಹಾಕೋಣ’ ಎನ್ನುತ್ತಾರೆ. ನಿಯಮದ ಪ್ರಕಾರ ಅವರದ್ದು ತಪ್ಪಲ್ಲ. ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಕೂತು ಅಂದಿನ ಚೀಟಿಗಳನ್ನು ಒಂದೊಂದಾಗಿ ತಿರುವುತ್ತಾರೆ. ಹತ್ತು ಸಾವಿರ ಹಿಂಪಡೆದವರು ಯಾರು, ನೂರರ ನೋಟು ಕೇಳಿದವರು ಯಾರು, ನೂರರ ಹತ್ತು ನೋಟಿನ ಬದಲು ಐನೂರರ ಹತ್ತು ಹೋಗಿರಬಹುದೇ ಎಂದು ಲೆಕ್ಕ ಹಾಕುತ್ತಾರೆ. ಸಿಸಿಟಿವಿ ಹಿಂದಕ್ಕೆ ಓಡಿಸಿ, ಆ ಗ್ರಾಹಕರಿಗೆ ತಾವೇ ಫೋನ್ ಮಾಡುತ್ತಾರೆ. ಹಣ ಸಿಗಬಹುದು, ಸಿಗದೆಯೂ ಹೋಗಬಹುದು. ಸಿಗದಿದ್ದರೂ ಆ ಕ್ಯಾಷಿಯರ್ ಮರುದಿನ ಕೌಂಟರ್‌ಗೆ ಬರುವ ರೀತಿಯೇ ಬೇರೆ. ಅಂದು ಮ್ಯಾನೇಜರ್ ಕೊಟ್ಟದ್ದು ಒಂದು ಗಂಟೆ ಮಾತ್ರ.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಒಂದು ವಿವರಣೆ ಇಲ್ಲಿ ನೆರವಿಗೆ ಬರುತ್ತದೆ. ಕೆಲಸದ ಒತ್ತಡ ಹೆಚ್ಚಿರುವುದಷ್ಟೇ ಮನುಷ್ಯನನ್ನು ಕುಗ್ಗಿಸುವುದಿಲ್ಲ; ಒತ್ತಡ ಹೆಚ್ಚಿದ್ದು, ಅದನ್ನು ಹೇಗೆ ನಿಭಾಯಿಸಬೇಕೆಂಬ ತೀರ್ಮಾನ ತನ್ನ ಕೈಯಲ್ಲಿ ಇಲ್ಲದಿದ್ದಾಗ ಕುಗ್ಗಿಸುತ್ತದೆ. ಪಿಂಚಣಿ ದಿನದ ಸರದಿ, ಸರ್ವರ್ ನಿಧಾನ, ಗ್ರಾಹಕರ ಸಿಟ್ಟು, ಇದರಲ್ಲಿ ಯಾವುದನ್ನೂ ಕೌಂಟರ್‌ನವರು ಬದಲಿಸಲಾರರು. ಹೊರಗೆ ಬಂದು ಸರದಿಯವರಿಗೆ ಎರಡು ಮಾತು ಹೇಳಿ, ಇನ್ನೊಂದು ಕೌಂಟರ್ ತೆರೆಸುವ ಅಧಿಕಾರ ಮ್ಯಾನೇಜರ್‌ಗಿದೆ. ಹೊರರಾಜ್ಯದಿಂದ ಬಂದು ಕನ್ನಡ ಕಲಿಯದೆ ಉಳಿದ ಮ್ಯಾನೇಜರ್ ಇದ್ದಲ್ಲಿ ಈ ಎರಡು ಮಾತು ಹೇಳುವ ಕೆಲಸವೂ ಕೌಂಟರ್‌ನವರ ಹೆಗಲಿಗೇ ಬೀಳುತ್ತದೆ.

ಟಾರ್ಗೆಟ್ ಇಳಿಯುವ ದಾರಿ

ಬ್ಯಾಂಕಿನ ಒತ್ತಡ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಠೇವಣಿ, ಚಿನ್ನದ ಸಾಲ, ಅಟಲ್ ಪಿಂಚಣಿ, ಜೀವವಿಮೆ, ಕ್ರೆಡಿಟ್ ಕಾರ್ಡ್, ವಸೂಲಿ, ಒಂದೊಂದಕ್ಕೂ ಗುರಿ ಇದೆ. ಒಂದೊಂದು ಗುರಿಗೂ ಒಂದು ‘ಕ್ಯಾಂಪೇನ್’ ಇದೆ. ಬೆಳಿಗ್ಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶಾಖೆಗಳ ಪಟ್ಟಿ ಬರುತ್ತದೆ, ಹಿಂದುಳಿದವು ಕೆಂಪು ಬಣ್ಣದಲ್ಲಿ. ಸಂಜೆ ವಿಡಿಯೊ ಸಭೆಯಲ್ಲಿ ಕೆಂಪು ಬಣ್ಣದವರನ್ನು ಹೆಸರು ಹಿಡಿದು ಕೇಳುತ್ತಾರೆ. ಈ ಮಳೆ ಎಲ್ಲ ಮ್ಯಾನೇಜರುಗಳ ಮೇಲೂ ಸಮನಾಗಿ ಸುರಿಯುತ್ತದೆ. ಕೆಲವರು ಸಿಬ್ಬಂದಿಗೆ ಕೊಡೆ ಹಿಡಿಯುತ್ತಾರೆ. ಕೆಲವರು ಸೂರಿನ ದಂಬೆಯ ಹಾಗೆ ಎಲ್ಲ ನೀರನ್ನೂ ಒಟ್ಟುಮಾಡಿ ಒಬ್ಬರ ನೆತ್ತಿಯ ಮೇಲೆ ಬಿಡುತ್ತಾರೆ. ಬ್ಯಾಂಕಿನಲ್ಲಿ ನಾಯಕತ್ವದ ಶೈಲಿ ಎಂದರೆ ಬಹುಮಟ್ಟಿಗೆ ಇದೇ.

2023ರ ಜೂನ್‌ನಲ್ಲಿ ದೊಡ್ಡ ಖಾಸಗಿ ಬ್ಯಾಂಕೊಂದರ ಕೋಲ್ಕತ್ತಾದ ಹಿರಿಯ ಅಧಿಕಾರಿ ಆನ್‌ಲೈನ್ ಸಭೆಯಲ್ಲಿ, ವಿಮೆ ಮಾರಾಟದ ಗುರಿ ಮುಟ್ಟದ ಸಹೋದ್ಯೋಗಿಗಳ ಮೇಲೆ ಕೂಗಾಡಿದ ದೃಶ್ಯ ದೇಶವೆಲ್ಲ ಹರಿದಾಡಿತು. ಬ್ಯಾಂಕ್ ಅವರನ್ನು ಅಮಾನತಿನಲ್ಲಿಟ್ಟಿತು. ನೋಡಿದ ಜನ ಬೆಚ್ಚಿದರು. ಬ್ಯಾಂಕ್ ನೌಕರರಲ್ಲಿ ಬಹಳ ಮಂದಿಗೆ ಅಚ್ಚರಿಯಾದದ್ದು ಕೂಗಾಟಕ್ಕಲ್ಲ, ಅದನ್ನು ಯಾರೋ ರೆಕಾರ್ಡ್ ಮಾಡಿದ್ದಕ್ಕೆ. ಆ ಅಧಿಕಾರಿಗೂ ಮೇಲೊಬ್ಬರು ಇದ್ದರು ಎಂಬುದು ಚರ್ಚೆಯಲ್ಲಿ ಹೆಚ್ಚು ಬರಲಿಲ್ಲ.

ಗುರಿಯ ಗೀಳು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಪ್ರಕರಣ ಚೆನ್ನಾಗಿ ದಾಖಲಾಗಿದೆ. ಪ್ರತಿ ಗ್ರಾಹಕನಿಗೂ ಎಂಟು ಬಗೆಯ ಖಾತೆ ಅಥವಾ ಸೇವೆ ಮಾರಬೇಕೆಂಬುದು ಅದರ ಘೋಷಣೆ. ಶಾಖೆಗಳಿಗೆ ದಿನದ ಗುರಿ. ಮುಟ್ಟದಿದ್ದರೆ ಉಳಿದದ್ದು ಮರುದಿನದ ತಲೆಗೆ. ಕೆಲಸ ಉಳಿಸಿಕೊಳ್ಳಲು ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆಯೇ ಅವರ ಹೆಸರಲ್ಲಿ ಖಾತೆ ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಬ್ಯಾಂಕ್ ಸುಮಾರು 5,300 ನೌಕರರನ್ನು ಕೆಲಸದಿಂದ ತೆಗೆದಾಗಿತ್ತು. ಮುಖ್ಯಸ್ಥ ಜಾನ್ ಸ್ಟಂಫ್ ಅಕ್ಟೋಬರ್‌ನಲ್ಲಿ ಹುದ್ದೆ ಬಿಟ್ಟರು. ಮರುವರ್ಷ ಸ್ವತಂತ್ರ ನಿರ್ದೇಶಕರು ಹೊರತಂದ ತನಿಖಾ ವರದಿ, ಶಾಖಾ ವಿಭಾಗವನ್ನು ನಡೆಸಿದ ಕ್ಯಾರಿ ಟೋಲ್‌ಸ್ಟೆಡ್ ಅವರ ನಾಯಕತ್ವವನ್ನು ನೇರವಾಗಿ ದೂರಿತು: ಹೊರಗಿನವರ ಪ್ರಶ್ನೆಯನ್ನು ಸಹಿಸದ, ಕೆಟ್ಟ ಸುದ್ದಿಯನ್ನು ಒಳಗೇ ಇಟ್ಟುಕೊಳ್ಳುವ ಸ್ವಭಾವ. ಆ ವಿಭಾಗದಲ್ಲಿ ಕೆಲಸ ಬಿಡುವವರ ಪ್ರಮಾಣ 2011ರಿಂದ 2015ರವರೆಗೆ ವರ್ಷಕ್ಕೆ ಶೇ 30ಕ್ಕಿಂತ ಕೆಳಗೆ ಇಳಿದೇ ಇರಲಿಲ್ಲ. ಅಂದರೆ ಸಿಬ್ಬಂದಿಯ ಅತೃಪ್ತಿ ವರ್ಷಗಟ್ಟಲೆ ಅಂಕಿಗಳಲ್ಲಿ ಕಾಣುತ್ತಿತ್ತು. ಮಾರಾಟದ ಅಂಕಿ ಏರುತ್ತಿದ್ದುದರಿಂದ ಅದನ್ನು ಎಚ್ಚರಿಕೆಯೆಂದು ಓದಲಿಲ್ಲ.

ಕರಾವಳಿಯ ಯಜಮಾನರು

ಈ ಎಲ್ಲ ವಿಂಗಡಣೆಗಳು ಅಮೆರಿಕದಲ್ಲಿ ಹುಟ್ಟಿದವು. ಭಾರತದ ನೆಲಕ್ಕೆ ಅವು ಪೂರ್ತಿ ಹೊಂದುವುದಿಲ್ಲ ಎಂದು ಪಾಟ್ನಾದ ಮನಶ್ಶಾಸ್ತ್ರಜ್ಞ ಜೈ ಬಿ. ಪಿ. ಸಿನ್ಹಾ ವಾದಿಸಿದರು. 1980ರಲ್ಲಿ ಅವರು ಮುಂದಿಟ್ಟ ಮಾದರಿಯ ಪ್ರಕಾರ, ಇಲ್ಲಿನ ನೌಕರ ಮೇಲಧಿಕಾರಿಯಲ್ಲಿ ಹಿರಿಯನೊಬ್ಬನನ್ನು ಹುಡುಕುತ್ತಾನೆ. ಅಂಥ ಮುಂದಾಳು ಮಮತೆಯಿಂದ ಪೊರೆಯುತ್ತಾನೆ, ಆದರೆ ಆ ಮಮತೆ ಪುಕ್ಕಟೆಯಲ್ಲ. ಕೆಲಸ ಮಾಡಿದವನಿಗೆ ಮಾತ್ರ. ಕೆಲಸ ಕಲಿತು ಬಲಿತ ಮೇಲೆ ನಿಧಾನವಾಗಿ ಹಿಡಿತ ಸಡಿಲಿಸಿ ಸಮಾನನಂತೆ ನಡೆಸಿಕೊಳ್ಳುತ್ತಾನೆ.

ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಹಳೆಯ ತಲೆಮಾರಿನ ಮುಖ್ಯಸ್ಥರಿಗೆ ಈ ವಿವರಣೆ ಬಹುಮಟ್ಟಿಗೆ ಒಪ್ಪುತ್ತದೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. 1931ರಲ್ಲಿ ಮಂಗಳೂರಿನಲ್ಲಿ ಎ. ಬಿ. ಶೆಟ್ಟಿ ಮತ್ತಿತರರು ಸ್ಥಾಪಿಸಿದ ವಿಜಯಾ ಬ್ಯಾಂಕನ್ನು ಮೂಲ್ಕಿ ಸುಂದರರಾಮ ಶೆಟ್ಟಿ ಸಣ್ಣ ಬ್ಯಾಂಕಿನಿಂದ ದೇಶವ್ಯಾಪಿ ಬ್ಯಾಂಕಾಗಿ ಬೆಳೆಸಿದರು. ಹಳ್ಳಿಯ ಎಷ್ಟೋ ಹುಡುಗರಿಗೆ ಕರೆದು ಕೆಲಸ ಕೊಟ್ಟವರೆಂದು ಅವರ ಹೆಸರು ಇಂದಿಗೂ ಆ ಕಡೆ ಗೌರವದಿಂದ ಬಳಕೆಯಲ್ಲಿದೆ. ಇಂಥ ಯಜಮಾನಿಕೆಯಲ್ಲಿ ನೌಕರನಿಗೆ ಸಿಗುತ್ತಿದ್ದದ್ದು ಸಂಬಳಕ್ಕಿಂತ ಹೆಚ್ಚಾಗಿ ‘ನಮ್ಮ ಬ್ಯಾಂಕು’ ಎಂಬ ಭಾವ. ಅದಕ್ಕೊಂದು ಬೆಲೆಯೂ ಇತ್ತು. ಯಜಮಾನರ ಕೃಪೆಯ ಒಳಗಿದ್ದವರಿಗೆ ಎಲ್ಲವೂ ಚೆಂದ, ಹೊರಗಿದ್ದವರಿಗೆ ಹೇಳಿಕೊಳ್ಳಲು ಜಾಗವಿಲ್ಲ. 1969ರ ಮತ್ತು 1980ರ ರಾಷ್ಟ್ರೀಕರಣದ ನಂತರ ನೇಮಕ, ಬಡ್ತಿಗಳು ಪರೀಕ್ಷೆ, ನಿಯಮಗಳ ಹಾದಿ ಹಿಡಿದಾಗ ಈ ಅನ್ಯಾಯ ಕಡಿಮೆಯಾಯಿತು; ಜೊತೆಗೆ ಆ ಹಳೆಯ ಸಲುಗೆಯೂ ಕಡಿಮೆಯಾಯಿತು.

ವಿಲೀನಗಳ ಕಾಲದಲ್ಲಿ ‘ನಮ್ಮ ಬ್ಯಾಂಕು’ ಎಂಬ ಭಾವ ಎಷ್ಟು ಆಳದ್ದೆಂದು ಮತ್ತೆ ಗೊತ್ತಾಯಿತು. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 2019ರ ಅದೇ ದಿನ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ನೌಕರಿ ಯಾರದ್ದೂ ಹೋಗಲಿಲ್ಲ, ಸಂಬಳವೂ ಕಡಿಮೆಯಾಗಲಿಲ್ಲ. ಬದಲಾದದ್ದು ಫಾರಂನ ಬಣ್ಣ, ಸಾಫ್ಟ್‌ವೇರಿನ ಬಟನ್ನು, ಯಾರನ್ನು ಕೇಳಿದರೆ ಕೆಲಸವಾಗುತ್ತದೆ ಎಂಬ ಅರಿವು. ಇಪ್ಪತ್ತೈದು ವರ್ಷ ಕೆಲಸ ಮಾಡಿದವರು ಹೊಸಬರ ಹಾಗೆ ಪಕ್ಕದವರನ್ನು ಕೇಳಬೇಕಾಯಿತು. ಹೊಸ ಮೇಲಧಿಕಾರಿ ‘ನಮ್ಮಲ್ಲಿ ಹೀಗಲ್ಲ’ ಎಂದು ಹೇಳುವಾಗ ಆ ‘ನಮ್ಮಲ್ಲಿ’ ಯಾರನ್ನು ಒಳಗೊಳ್ಳುತ್ತದೆ ಎಂಬುದನ್ನು ಕೇಳಿಸಿಕೊಳ್ಳುವ ಕಿವಿಗಳು ಆ ಶಾಖೆಗಳಲ್ಲಿ ಬಹಳ ಚುರುಕಾಗಿದ್ದವು.

ದೊಡ್ಡ ಬ್ಯಾಂಕಿನಲ್ಲೂ ಮೇಲಿನಿಂದ ಮಾತು ನೇರವಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಭಾರತೀಯ ಸ್ಟೇಟ್ ಬ್ಯಾಂಕಿನ ಉದಾಹರಣೆಯಿದೆ. 2006ರಲ್ಲಿ ಅಧ್ಯಕ್ಷರಾದ ಓ. ಪಿ. ಭಟ್, ಬ್ಯಾಂಕಿನ ಮಾರುಕಟ್ಟೆ ಪಾಲು ವರ್ಷದಿಂದ ವರ್ಷಕ್ಕೆ ಕರಗುತ್ತಿರುವುದನ್ನು ಮುಚ್ಚಿಡದೆ ಹಿರಿಯ ಅಧಿಕಾರಿಗಳ ಮುಂದಿಟ್ಟರು. 2007ರಲ್ಲಿ ‘ಪರಿವರ್ತನ್’ ಎಂಬ ಎರಡು ದಿನಗಳ ಕಾರ್ಯಕ್ರಮ ನಡೆಸಿ ಕೆಲವೇ ತಿಂಗಳಲ್ಲಿ ಲಕ್ಷಕ್ಕೂ ಮಿಕ್ಕಿದ ನೌಕರರಿಗೆ ಅದೇ ಸತ್ಯವನ್ನು ಹೇಳಿಸಿದರು. ಗುಮಾಸ್ತರಿಗೆ ಬ್ಯಾಂಕಿನ ಸ್ಥಿತಿಗತಿ ವಿವರಿಸುವುದು ಅಲ್ಲಿಯವರೆಗೆ ರೂಢಿಯಲ್ಲಿರಲಿಲ್ಲ. ಮುಂದೆ ಅದೇ ಬ್ಯಾಂಕಿನ ಮೊದಲ ಮಹಿಳಾ ಮುಖ್ಯಸ್ಥೆ ಅರುಂಧತಿ ಭಟ್ಟಾಚಾರ್ಯ, ಮಕ್ಕಳ ಮತ್ತು ಹಿರಿಯರ ಆರೈಕೆಗೆಂದು ಮಹಿಳಾ ನೌಕರರಿಗೆ ಎರಡು ವರ್ಷದವರೆಗಿನ ರಜೆಯ ಸೌಲಭ್ಯ ತಂದರು.

ತಪ್ಪಾದಾಗ ಯಾರು ನಿಲ್ಲುತ್ತಾರೆ

ಬೇರೆ ಕಚೇರಿಗಳಲ್ಲಿ ಇಲ್ಲದ ಒಂದು ಭಯ ಬ್ಯಾಂಕಿನಲ್ಲಿದೆ. ಇಂದು ಹಾಕಿದ ಸಹಿಗೆ ಐದು ವರ್ಷದ ನಂತರ ಉತ್ತರ ಹೇಳಬೇಕಾಗಬಹುದು. ಸಾಲ ಎನ್‌ಪಿಎ ಆದರೆ, ಅಂದರೆ ಕಂತು 90 ದಿನ ಮೀರಿ ಬಾಕಿ ಉಳಿದರೆ, ಮಂಜೂರು ಮಾಡಿದವರು, ಕಾಗದ ಪರಿಶೀಲಿಸಿದವರು, ಸ್ಥಳಕ್ಕೆ ಹೋಗಿಬಂದವರು ಎಲ್ಲರ ಹೆಸರೂ ಹೊಣೆಗಾರಿಕೆಯ ಪರಿಶೀಲನೆಗೆ ಬರುತ್ತದೆ. ನಿವೃತ್ತಿಯ ಹಿಂದಿನ ತಿಂಗಳು ಆರೋಪಪಟ್ಟಿ ಕೈಗೆ ಬಂದವರ ಕಥೆ ಪ್ರತಿ ಬ್ಯಾಂಕಿನಲ್ಲೂ ಓಡಾಡುತ್ತದೆ.

ಹೀಗಿರುವಾಗ ಕಿರಿಯ ಅಧಿಕಾರಿಗಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಾಯಿಮಾತಿನ ಆದೇಶ. ‘ಮಾಡಿಬಿಡಿ, ನಾನಿದ್ದೇನೆ’ ಎಂದು ಹೇಳಿದ ಮೇಲಧಿಕಾರಿ ತನಿಖೆಯ ದಿನ ‘ನಾನು ಹಾಗೆ ಹೇಳಿಲ್ಲ’ ಎಂದರೆ ಕಿರಿಯರ ಬಳಿ ಯಾವ ಪುರಾವೆಯೂ ಇರುವುದಿಲ್ಲ. ಸಾರ್ವಜನಿಕ ವಲಯದ ಬ್ಯಾಂಕ್ ಅಧಿಕಾರಿಗಳ ನಡತೆ ನಿಯಮಗಳಲ್ಲಿ ಇದಕ್ಕೆ ಪರಿಹಾರವಿದೆ: ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿರಬೇಕು, ಬಾಯಿಮಾತಿನಲ್ಲಿ ಕೊಟ್ಟಿದ್ದರೆ ಆಮೇಲೆ ಕೂಡಲೇ ಬರಹದಲ್ಲಿ ದೃಢಪಡಿಸಬೇಕು. ನಿಯಮ ಇದೆ ಎಂದು ಕಿರಿಯರು ಕೇಳಿದರೆ ಅದು ಉದ್ಧಟತನ ಎನ್ನಿಸಿಕೊಳ್ಳುತ್ತದೆ. ಕೇಳುವ ಮೊದಲೇ ಎರಡು ಸಾಲಿನ ಇ–ಮೇಲ್ ಕಳಿಸುವ ಮೇಲಧಿಕಾರಿ ಸಿಕ್ಕರೆ, ಆತ ಮಿತಭಾಷಿಯೋ ಸಿಡುಕನೋ ಎಂಬುದು ಯಾರಿಗೂ ಮುಖ್ಯವಾಗುವುದಿಲ್ಲ.

ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಏಮಿ ಎಡ್ಮಂಡ್ಸನ್ ಅವರಿಗೆ ವಿಚಿತ್ರ ಫಲಿತಾಂಶವೊಂದು ಎದುರಾಯಿತು. ಒಳ್ಳೆಯ ಮುಂದಾಳು ಇದ್ದ ವಾರ್ಡುಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ. ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕ. ಬೇರೊಬ್ಬರ ಖಾತೆಗೆ ಜಮೆಯಾದ ಹಣವನ್ನು ಅದೇ ಮಧ್ಯಾಹ್ನ ಹೇಳಿದರೆ ಹಿಡಿದಿಟ್ಟು ವಾಪಸು ತರಬಹುದು. ಬೈಗುಳಕ್ಕೆ ಹೆದರಿ ಮೂರು ದಿನ ಮುಚ್ಚಿಟ್ಟರೆ ಅಷ್ಟರಲ್ಲಿ ಅದು ಎಟಿಎಂನಿಂದ ಹೊರಟುಹೋಗಿರುತ್ತದೆ.

ಅಂಕಿ ಹೇಳುವುದು, ಹೇಳದಿರುವುದು

ನಾಯಕತ್ವಕ್ಕೂ ತೃಪ್ತಿಗೂ ನಂಟು ಹುಡುಕುವ ಬಹುಪಾಲು ಅಧ್ಯಯನಗಳು ಪ್ರಶ್ನಾವಳಿಯ ಮೇಲೆ ನಿಂತಿವೆ. ಮ್ಯಾನೇಜರ್ ಹೇಗೆ ಎಂದು ಹೇಳುವವರೂ ಕೆಲಸ ಹೇಗಿದೆ ಎಂದು ಹೇಳುವವರೂ ಒಬ್ಬರೇ. ಕೆಲಸದಲ್ಲಿ ಖುಷಿಯಾಗಿರುವವರಿಗೆ ಮ್ಯಾನೇಜರ್ ಕೂಡ ಒಳ್ಳೆಯವರಾಗಿ ಕಾಣಬಹುದು. ಅಲ್ಲದೆ ಚೆನ್ನಾಗಿ ನಡೆಯುವ ಶಾಖೆಗೆ ಹೋದವರು ಮೃದುವಾಗಿರುವುದು ಸುಲಭ. ಸಾಲ ಮುಳುಗಿ ಕುಸಿದ ಶಾಖೆಯನ್ನು ಎತ್ತಲು ಕಳಿಸಿದವರಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ‘ಈ ಶೈಲಿಯಿಂದ ಇಷ್ಟು ಪ್ರತಿಶತ ತೃಪ್ತಿ’ ಎಂದು ಖಚಿತವಾಗಿ ಹೇಳುವ ವರದಿಗಳನ್ನು ತುಸು ಅನುಮಾನದಿಂದಲೇ ಓದಬೇಕು.

ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಮಾತ್ರ ಅಭಿಪ್ರಾಯವಲ್ಲ. ರಿಸರ್ವ್ ಬ್ಯಾಂಕಿನ 2023–24ರ ಬ್ಯಾಂಕಿಂಗ್ ವರದಿಯ ಪ್ರಕಾರ, ಆಯ್ದ ಖಾಸಗಿ ಬ್ಯಾಂಕುಗಳಲ್ಲಿಯೂ ಸಣ್ಣ ಹಣಕಾಸು ಬ್ಯಾಂಕುಗಳಲ್ಲಿಯೂ ಮೂರು ವರ್ಷಗಳ ಕಾಲ ಸರಾಸರಿ ಶೇ 25ರಷ್ಟು ನೌಕರರು ಪ್ರತಿವರ್ಷ ಹೊರಹೋಗುತ್ತಿದ್ದರು. ಇದು ಬ್ಯಾಂಕುಗಳ ದೈನಂದಿನ ವ್ಯವಹಾರಕ್ಕೇ ಅಪಾಯ, ಅನುಭವ ಸೋರಿಹೋಗುತ್ತದೆ, ನೇಮಕದ ಖರ್ಚು ಏರುತ್ತದೆ ಎಂದು ವರದಿ ಎಚ್ಚರಿಸಿತು. ಸರ್ಕಾರಿ ಬ್ಯಾಂಕುಗಳಲ್ಲಿ ಹೀಗೆ ಬಿಟ್ಟು ಹೋಗುವವರು ಕಡಿಮೆ. ಅದು ತೃಪ್ತಿಯ ಗುರುತೆಂದು ತಿಳಿಯಬೇಕಿಲ್ಲ. ಅಲ್ಲಿ ಬೇಸತ್ತವರು ರಾಜೀನಾಮೆ ಕೊಡುವ ಬದಲು ಬಡ್ತಿ ಬೇಡವೆಂದು ಬರೆದುಕೊಡುತ್ತಾರೆ. ಮ್ಯಾನೇಜರ್ ಕುರ್ಚಿಯ ಒದ್ದಾಟವನ್ನು ಹತ್ತಿರದಿಂದ ಕಂಡ ಗುಮಾಸ್ತರು ಅಧಿಕಾರಿ ಹುದ್ದೆಯ ಪರೀಕ್ಷೆಗೆ ಕೂರದೆ ಉಳಿಯುವುದು ಬಹಳ ಬ್ಯಾಂಕುಗಳಲ್ಲಿ ಕಾಣುವ ಸಂಗತಿ.

ಮ್ಯಾನೇಜರುಗಳನ್ನು ಆರಿಸುವ ರೀತಿಯಲ್ಲೇ ಇದರ ಬೇರಿದೆ. ಬಡ್ತಿಯ ಪರೀಕ್ಷೆ ಅಳೆಯುವುದು ಬ್ಯಾಂಕಿಂಗ್ ಕಾನೂನು, ಸಾಲದ ಲೆಕ್ಕ, ಸುತ್ತೋಲೆಯ ಜ್ಞಾನ. ಸಂದರ್ಶನದಲ್ಲಿ ಕೇಳುವುದು ಶಾಖೆ ತಂದ ವ್ಯವಹಾರದ ಅಂಕಿ. ಕೈಕೆಳಗೆ ದುಡಿದವರ ಅಭಿಪ್ರಾಯಕ್ಕೆ ಅಲ್ಲಿ ಅಂಕವಿರುವುದು ಕಡಿಮೆ. ಬ್ಯಾಂಕ್ ಆಫ್ ಬರೋಡಾದ ಮಾಜಿ ಮುಖ್ಯಸ್ಥ ಎ. ಕೆ. ಖಂಡೇಲ್‌ವಾಲ್ ನೇತೃತ್ವದ ಸಮಿತಿ ಸಾರ್ವಜನಿಕ ವಲಯದ ಬ್ಯಾಂಕುಗಳ ಸಿಬ್ಬಂದಿ ವಿಚಾರವನ್ನೇ ಪ್ರತ್ಯೇಕವಾಗಿ ಕೈಗೆತ್ತಿಕೊಂಡು 2010ರಲ್ಲಿ ನೂರಕ್ಕೂ ಹೆಚ್ಚು ಶಿಫಾರಸುಗಳನ್ನು ಕೊಟ್ಟಿತು. ಕೆಲವು ಜಾರಿಯಾದವು, ಹಲವು ಕಡತದಲ್ಲಿ ಉಳಿದವು. ಇನ್ನು ಮ್ಯಾನೇಜರ್ ಒಂದು ಶಾಖೆಯಲ್ಲಿ ಇರುವುದು ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು. ಅಷ್ಟರಲ್ಲಿ ಹಿಂಡಿ ತೆಗೆದ ಅಂಕಿ ಅವರ ಬಡ್ತಿಗೆ ಹೋಗುತ್ತದೆ; ಅವಸರದಲ್ಲಿ ಕೊಟ್ಟ ಸಾಲಗಳೂ ದಣಿದ ಸಿಬ್ಬಂದಿಯೂ ಮುಂದಿನವರ ಪಾಲಿಗೆ ಉಳಿಯುತ್ತವೆ. ಕೆಟ್ಟ ಸಾಲಕ್ಕೆ ಹಿಂದಿನ ಮ್ಯಾನೇಜರ್ ಹೊಣೆಯೇ ಎಂದು ಹಳೆಯ ಕಡತ ತೆಗೆದು ನೋಡುವ ಕ್ರಮ ಪ್ರತಿ ಬ್ಯಾಂಕಿನಲ್ಲೂ ಇದೆ. ಅವರ ಕಾಲದಲ್ಲಿ ಎಷ್ಟು ಜನ ವರ್ಗ ಕೇಳಿ ಅರ್ಜಿ ಹಾಕಿದರು ಎಂಬುದನ್ನು ಹಾಗೆ ತೆಗೆದು ನೋಡುವುದು ಅಪರೂಪ.